ಮೂರು ತಿಂಗಳಲ್ಲಿ ಎರಡು ತೀರ್ಪು: 1985ರ ಕನ್ನಡಿಗರು ಓಟು ಹಾಕಿದ ರೀತಿ

ಚುನಾವಣೆ ಹತ್ತಿರ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದಿದೆ. ಅಭ್ಯರ್ಥಿಯನ್ನ ಆರಿಸುವಾಗ ಯಾವ ವಿಷಯ ಮುಖ್ಯ? ಕೆಲಸನಾ, ಬೆಲೆ ಏರಿಕೆನಾ, ಭ್ರಷ್ಟಾಚಾರನಾ, ನೀರಾ, ದೇಶದ ಭದ್ರತೆನಾ? ಒಂದು ಪಟ್ಟಿ ಮಾಡಿಕೊಟ್ಟು ಕೈತೊಳೆದುಕೊಳ್ಳಬಹುದು. ಆದರೆ ಇವತ್ತು ನಾನು ಪಟ್ಟಿ ಕೊಡಲ್ಲ. ನಮ್ಮದೇ ರಾಜ್ಯದ ಒಂದು ಕಥೆ ಹೇಳ್ತೀನಿ. ನಿಮ್ಮಲ್ಲಿ ಹೆಚ್ಚಿನವರು ಹುಟ್ಟೋಕೆ ಮುಂಚೆ ನಡೆದದ್ದು.

1980ರಿಂದ ಶುರು ಮಾಡೋಣ. ಆಗ ಆರ್. ಗುಂಡೂರಾವ್ ಮುಖ್ಯಮಂತ್ರಿ. ಆ ವರ್ಷ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದರು. ಮಲಪ್ರಭಾ ಅಚ್ಚುಕಟ್ಟಿನ ಜಮೀನಿಗೆ ಹಾಕಿದ್ದ ಕರದ ವಿರುದ್ಧ ಎದ್ದ ಸಿಟ್ಟು ಅದು. ಗೋಲಿಬಾರ್ ಆಯಿತು, ರೈತರು ಸತ್ತರು. 1982ರಲ್ಲಿ ಗೋಕಾಕ್ ಚಳವಳಿ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂತ ಡಾ. ರಾಜ್‌ಕುಮಾರ್ ಊರೂರು ಸುತ್ತಿದರು. ಗಮನಿಸಿ, ನೀರಾವರಿ ಜಮೀನಿನ ಕರ, ಪೊಲೀಸರು, ಶಾಲೆಯ ಭಾಷೆ, ಈ ಮೂರಕ್ಕೂ ಉತ್ತರ ಕೊಡಬೇಕಾದ್ದು ವಿಧಾನಸೌಧ.

1983ರ ಜನವರಿಯಲ್ಲಿ ವಿಧಾನಸಭಾ ಚುನಾವಣೆ ಬಂತು. ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18 ಸ್ಥಾನ. ಗುಂಡೂರಾವ್ ಸೋಮವಾರಪೇಟೆಯಲ್ಲಿ ಸ್ವತಃ ಸೋತರು. ಜನತಾ ಪಕ್ಷಕ್ಕೆ ಬಹುಮತ ಇರಲಿಲ್ಲ. ಬಿಜೆಪಿ ಮತ್ತು ಎಡಪಕ್ಷಗಳ ಹೊರಬೆಂಬಲದಿಂದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು.

ಕಥೆಯ ತಿರುವು ಇರೋದು ಮುಂದೆ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರ್‌ನಲ್ಲಿ ಲೋಕಸಭಾ ಚುನಾವಣೆ ನಡೆಯಿತು. ದೇಶವೆಲ್ಲ ಅನುಕಂಪದ ಅಲೆ, ದೇಶ ಒಡೆದುಹೋಗುತ್ತಾ ಅನ್ನೋ ಭಯ. ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ ಪಾಲಾದವು. ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 4.

ಹೆಗಡೆಯವರು ಕುರ್ಚಿಗೆ ಅಂಟಿಕೊಳ್ಳಬಹುದಿತ್ತು. ಅವಧಿ ಇನ್ನೂ ಮೂರು ವರ್ಷ ಬಾಕಿ ಇತ್ತು, ಲೋಕಸಭೆ ಸೋತರೆ ರಾಜ್ಯ ಸರ್ಕಾರ ಬೀಳಬೇಕು ಅಂತ ಕಾನೂನೇನೂ ಇಲ್ಲ. ಆದರೂ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜಿಸಿ ಅಂದರು. ಇದರಲ್ಲಿ ರಾಜಕೀಯ ಲೆಕ್ಕಾಚಾರವೂ ಇತ್ತು, ಅದನ್ನ ಮುಚ್ಚಿಡೋದು ಬೇಡ. ಹೊರಗಿನವರ ಬೆಂಬಲದ ಮೇಲೆ ನಿಂತ ಸರ್ಕಾರಕ್ಕೆ ಸ್ವಂತ ಬಹುಮತ ಬೇಕಾಗಿತ್ತು.

1985ರ ಮಾರ್ಚ್‌ನಲ್ಲಿ ಮತ್ತೆ ಮತದಾನ. ಫಲಿತಾಂಶ: ಜನತಾ ಪಕ್ಷ 139, ಕಾಂಗ್ರೆಸ್ 65.

ಒಂದು ಕ್ಷಣ ಇಲ್ಲಿ ನಿಲ್ಲಿ. ಅದೇ ಜನ, ಅದೇ ಊರು, ಬಹುಪಾಲು ಅದೇ ಮತಗಟ್ಟೆ. ಮೂರೇ ತಿಂಗಳಲ್ಲಿ ತೀರ್ಪು ತಲೆಕೆಳಗು. ಜನ ಮನಸ್ಸು ಬದಲಾಯಿಸಿದರು ಅಂತ ಸುಮ್ಮನೆ ಹೇಳಿಬಿಡಬಹುದು. ನನಗೆ ಹಾಗನ್ನಿಸಲ್ಲ. ಡಿಸೆಂಬರ್‌ನಲ್ಲಿ ಅವರ ಮುಂದಿದ್ದ ಪ್ರಶ್ನೆ, ದೆಹಲಿಯನ್ನ ಯಾರ ಕೈಗೆ ಕೊಡೋದು ಅಂತ. ಮಾರ್ಚ್‌ನಲ್ಲಿ ಇದ್ದದ್ದು, ಬೆಂಗಳೂರನ್ನ ಯಾರ ಕೈಗೆ ಕೊಡೋದು ಅಂತ. ಪ್ರಶ್ನೆಯೇ ಬೇರೆ, ಹಾಗಾಗಿ ಉತ್ತರವೂ ಬೇರೆ.

ಇದರರ್ಥ ಎಲ್ಲರೂ ಬರೀ ಆಡಳಿತ ನೋಡಿ ಓಟು ಹಾಕಿದರು ಅಂತಲ್ಲ. ಜಾತಿ ಲೆಕ್ಕ ಇತ್ತು, ಹೆಗಡೆಯವರ ವರ್ಚಸ್ಸಿತ್ತು, ಕಾಂಗ್ರೆಸ್ಸಿನ ಒಳಜಗಳವೂ ಇತ್ತು. ಹಾಗಿದ್ದರೂ ಲಕ್ಷಾಂತರ ಮತದಾರರು ಒಂದು ಚುನಾವಣೆಯ ಅಳಲನ್ನ ಇನ್ನೊಂದು ಚುನಾವಣೆಗೆ ಹೊತ್ತು ತರಲಿಲ್ಲ ಅನ್ನೋದನ್ನ ಅಂಕಿಗಳೇ ಹೇಳುತ್ತವೆ.

ಸರಿ, ಆ ಓಟಿನಿಂದ ಸಿಕ್ಕಿದ್ದೇನು? ಹೆಗಡೆ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬ್ ಅಂತ ಗ್ರಾಮೀಣಾಭಿವೃದ್ಧಿ ಸಚಿವರಿದ್ದರು. ಬರಗಾಲದಲ್ಲಿ ಹಳ್ಳಿ ಹಳ್ಳಿಗೂ ಕೊಳವೆಬಾವಿ ಹಾಕಿಸಿದ್ದಕ್ಕೆ ಜನ ಅವರನ್ನ ‘ನೀರ್ ಸಾಬ್’ ಅಂತಲೇ ಕರೆದರು. ಅವರ ಇನ್ನೂ ದೊಡ್ಡ ಕೆಲಸ 1983ರ ಪಂಚಾಯತ್ ಕಾಯ್ದೆ. ಅದರಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ ಇತ್ತು. 73ನೇ ತಿದ್ದುಪಡಿ ಮೂಲಕ ಪಂಚಾಯಿತಿಗೆ ಸಂವಿಧಾನದ ರಕ್ಷಣೆ ಸಿಕ್ಕಿ, ಅದು ಜಾರಿಗೆ ಬಂದದ್ದು 1993ರಲ್ಲಿ. ಕರ್ನಾಟಕ ಆರು ವರ್ಷ ಮೊದಲೇ ದಾರಿ ತುಳಿದಾಗಿತ್ತು. ಲೋಕಾಯುಕ್ತ ಸಂಸ್ಥೆ ಹುಟ್ಟಿದ್ದೂ ಇದೇ ಸರ್ಕಾರದ 1984ರ ಕಾಯ್ದೆಯಿಂದ.

ಹಾಗಂತ ಅದೇನು ರಾಮರಾಜ್ಯ ಅಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿವಾದದಲ್ಲಿ ಹೈಕೋರ್ಟಿನಿಂದ ಛೀಮಾರಿ ಬಿತ್ತು. ಫೋನ್ ಕದ್ದಾಲಿಕೆ ಆರೋಪದ ಮೇಲೆ 1988ರಲ್ಲಿ ಹೆಗಡೆಯವರು ಕುರ್ಚಿ ಬಿಟ್ಟರು. 1989ರಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ ನಡೆದಾಗ ಜನ ಎರಡೂ ಕಡೆ ಕಾಂಗ್ರೆಸ್ಸನ್ನೇ ಗೆಲ್ಲಿಸಿದರು. 28ರಲ್ಲಿ 27, 224ರಲ್ಲಿ 178. ಮೆಚ್ಚಿ ಕೂರಿಸಿದ ಜನರೇ ಲೆಕ್ಕ ಕೇಳಿ ಇಳಿಸಿದರು.

1985ರ ಅಭ್ಯಾಸ ಮಾತ್ರ ಉಳಿದುಕೊಂಡಿತು. 2013ರ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ 122 ಸ್ಥಾನ, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17. 2023ರಲ್ಲಿ ಕಾಂಗ್ರೆಸ್‌ಗೆ 135, ಮರುವರ್ಷ ಲೋಕಸಭೆಯಲ್ಲಿ ಮತ್ತೆ ಬಿಜೆಪಿಗೆ 17. ಯಾವ ಪಕ್ಷ ಸರಿ ಅನ್ನೋದು ನನ್ನ ವಿಷಯ ಅಲ್ಲ. ಇಲ್ಲಿನ ಮತದಾರರಿಗೆ ಎರಡು ಚುನಾವಣೆಯ ವ್ಯತ್ಯಾಸ ಗೊತ್ತು ಅನ್ನೋದಷ್ಟೇ ನನ್ನ ಮಾತು.

ಹಾಗಾದ್ರೆ ಮೊದಲ ಪ್ರಶ್ನೆಗೆ ಉತ್ತರ? ಯಾವ ವಿಷಯ ಮುಖ್ಯ ಅಂತ ಕೇಳೋ ಮುಂಚೆ, ಈ ಕುರ್ಚಿಗೆ ಏನು ಮಾಡೋ ಅಧಿಕಾರ ಇದೆ ಅಂತ ಕೇಳಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ವಿದೇಶಾಂಗ, ರೈಲ್ವೆ, ನೋಟು ನಾಣ್ಯ ಕೇಂದ್ರದ್ದು. ಪೊಲೀಸ್, ಆಸ್ಪತ್ರೆ, ಕೃಷಿ, ಸ್ಥಳೀಯ ಸಂಸ್ಥೆಗಳು ರಾಜ್ಯದ್ದು. ಶಿಕ್ಷಣ, ವಿದ್ಯುತ್, ಅರಣ್ಯ ಇಬ್ಬರದ್ದೂ. ಕೆಲವು ವಿಷಯ ಸಲೀಸಾಗಿ ಬಿಡಿಸಿಕೊಳ್ಳಲ್ಲ. ಪೆಟ್ರೋಲ್ ಬೆಲೆಯನ್ನೇ ತಗೊಳ್ಳಿ, ಅದರಲ್ಲಿ ಕೇಂದ್ರದ ಅಬಕಾರಿ ಸುಂಕವೂ ಇದೆ, ರಾಜ್ಯದ ಮಾರಾಟ ತೆರಿಗೆಯೂ ಇದೆ. ಆದ್ದರಿಂದ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಪೂರ್ತಿ ನಂಬಬೇಡಿ.

ಶಾಸಕನಾಗಲು ಹೊರಟವರು ವೇದಿಕೆಯಲ್ಲಿ ಬರೀ ಗಡಿಯ ಬಗ್ಗೆ ಗುಡುಗಿದರೆ, ಸರ್ ನಮ್ಮ ತಾಲ್ಲೂಕು ಆಸ್ಪತ್ರೆಗೆ ಡಾಕ್ಟರ್ ಯಾವಾಗ ಬರ್ತಾರೆ ಅಂತ ಕೇಳಿ. ಸಂಸದರಾಗಲು ಹೊರಟವರು ಚರಂಡಿ ಮಾಡಿಸ್ತೀನಿ ಅಂದರೆ, ಸಂಸತ್ತಿನಲ್ಲಿ ನಮ್ಮ ರಾಜ್ಯದ ತೆರಿಗೆ ಪಾಲಿನ ಬಗ್ಗೆ ಏನು ಮಾತಾಡ್ತೀರಿ ಮೇಡಂ ಅಂತ ಕೇಳಿ. ಇಬ್ಬರೂ ಕಷ್ಟದ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋದು ತಮ್ಮದಲ್ಲದ ಕೆಲಸದ ಬಗ್ಗೆ ಮಾತಾಡಿಯೇ.

ಕೊನೆಯದಾಗಿ, ನನ್ನನ್ನ ಹೆಚ್ಚು ಕಾಡುವ ವಿಷಯ. ಚರಂಡಿ, ಕಸ, ಬೀದಿದೀಪ, ಅಂಗನವಾಡಿ, ಅಂದ್ರೆ ನಮ್ಮ ದಿನನಿತ್ಯದ ಬದುಕು ಇರೋದು ಮೂರನೇ ಹಂತದಲ್ಲಿ. ಬಿಬಿಎಂಪಿಗೆ 2015ರಲ್ಲಿ ಚುನಾವಣೆ ನಡೆಯಿತು. 2020ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಗರ ನಡೆದದ್ದು ಆಡಳಿತಾಧಿಕಾರಿಯ ಕೈಯಲ್ಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ಅಲ್ಲೂ ಅದೇ ಕಥೆ. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಸಲೇಬೇಕು ಅಂತ ಸಂವಿಧಾನ ಹೇಳುತ್ತೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟ್ ಅಂತ ದಿನ ತಳ್ಳೋದರಲ್ಲಿ ಅಧಿಕಾರಕ್ಕೆ ಬಂದ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ. ದೇಶಕ್ಕೆ ಪಂಚಾಯಿತಿ ಪಾಠ ಹೇಳಿಕೊಟ್ಟ ರಾಜ್ಯ ನಮ್ಮದು ಅನ್ನೋದು ನೆನಪಿರಲಿ.

ಸ್ಥಳೀಯ ಚುನಾವಣೆಯನ್ನ ಕಾಲಕ್ಕೆ ಸರಿಯಾಗಿ ನಡೆಯುವಂತೆ ಮಾಡಬೇಕಾದವರು ವಿಧಾನಸೌಧದಲ್ಲಿ ಕೂರುವವರು. ಅದಕ್ಕೇ ಮುಂದಿನ ಸಲ ವಿಧಾನಸಭೆಗೆ ಓಟು ಕೇಳಿ ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದರೆ, ಯಾವ ಪಕ್ಷದವರೇ ಆಗಲಿ, ಈ ಒಂದು ಪ್ರಶ್ನೆ ಕೇಳಿ: ನಮ್ಮ ಜಿಲ್ಲಾ ಪಂಚಾಯಿತಿಗೆ, ನಮ್ಮ ವಾರ್ಡಿಗೆ ಚುನಾವಣೆ ಕಾಲಕ್ಕೆ ಸರಿಯಾಗಿ ಮಾಡಿಸ್ತೀರಾ? ಉತ್ತರ ಕೊಡೋಕೆ ತಡವರಿಸಿದರೆ, ಅವರ ಬಗ್ಗೆ ಅರ್ಧ ವಿಷಯ ನಿಮಗೆ ಅಲ್ಲೇ ಗೊತ್ತಾಗುತ್ತೆ.

ಮುಂದಿನ ಕಂತಿನಲ್ಲಿ ಸಿಗೋಣ. ಅಷ್ಟರೊಳಗೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.