ಕೊಡಿ

ಕಾವೂರಿನ ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆ ಸಮೀಪಿಸಿದರೆ ಊರವರ ಮೊದಲ ಪ್ರಶ್ನೆ, ‘ಕೊಡಿ ಏರುವುದು ಯಾವಾಗ?’ ತುಳುವಿನಲ್ಲಿ ಕೊಡಿ ಎಂದರೆ ತುದಿ, ಚಿಗುರು, ಬಾವುಟ. ಊಟಕ್ಕೆ ಹಾಕುವ ಕೊಡಿ ಬಾಳೆಯೆಲೆಯಲ್ಲಿರುವುದೂ ಇದೇ ಪದ. ತಮಿಳು, ಮಲಯಾಳಗಳಲ್ಲಿ ಬಾವುಟಕ್ಕೆ ಇಂದಿಗೂ ಕೊಡಿಯೇ. ಕನ್ನಡದ ‘ಕುಡಿ’ ಇದರ ಒಡಹುಟ್ಟು. ‘ಗುಡಿ ತೋರಣ’ದ ಗುಡಿಯೂ ದೇಗುಲವಲ್ಲ, ಬಾವುಟ.

ಕಂಪ್ಯೂಟರಿನವರ ‘ಫ್ಲ್ಯಾಗ್’ಗೆ ಇಷ್ಟು ಹೊಂದುವ ಪದ ನನಗೆ ಬೇರೆ ಕಂಡಿಲ್ಲ. ಜಾತ್ರೆಯ ಕೊಡಿ ಏರಿದರೆ ಊರಿಗೆ ಕಟ್ಟುಪಾಡು ಜಾರಿ, ಇಳಿದರೆ ಮುಗಿಯಿತು. ಅದು ಇಳಿಯುವವರೆಗೆ ಊರು ಬಿಟ್ಟು ಹೊರಗೆ ರಾತ್ರಿ ತಂಗಬಾರದೆಂಬ ರೂಢಿ ಕರಾವಳಿಯ ಹಲವು ಗ್ರಾಮಗಳಲ್ಲಿದೆ. ಆದರೆ ಪಕ್ಕದ ಗ್ರಾಮಕ್ಕೆ ಆ ಕಟ್ಟು ತಾಗದು.

ಲಿನಕ್ಸ್ ಕರ್ನೆಲ್ ಕಟ್ಟುವ ಕ್ರಮವನ್ನು ಬರೆದಿಡುವ ಮೇಕ್‌ಫೈಲ್‌ಗಳಲ್ಲೂ ಹೀಗೆಯೇ. ‘ಸಿಸಿಫ್ಲ್ಯಾಗ್ಸ್-ವೈ’ ಎಂದು ಕಂಪೈಲರ್‌ಗೆ ಬರೆದ ಸೂಚನೆ ಆ ಮೇಕ್‌ಫೈಲ್ ಇರುವ ಡೈರೆಕ್ಟರಿಗೆ ಮಾತ್ರ. ಒಳಡೈರೆಕ್ಟರಿಗಳಿಗೂ ಇಳಿಯಬೇಕಾದರೆ ‘ಸಬ್‌ಡಿರ್-ಸಿಸಿಫ್ಲ್ಯಾಗ್ಸ್-ವೈ’ ಬೇಕು. ಒಂದೇ ಕಡತಕ್ಕಾದರೆ ‘ಸಿಫ್ಲ್ಯಾಗ್ಸ್’ ಜೊತೆಗೆ ಆ ಕಡತದ ಹೆಸರು. ಕೊನೆಯ ‘ವೈ’ ಅಂದರೆ ‘ಹೌದು’, ಕೊಡಿ ಏರಿದೆ. ಇಡೀ ಕರ್ನೆಲ್‌ಗೆ ಅನ್ವಯಿಸುವ ‘ಕೆಬಿಲ್ಡ್ ಸಿಫ್ಲ್ಯಾಗ್ಸ್’ ಮಾತ್ರ ಎಲ್ಲಕ್ಕೂ ಮೇಲಿನ ಮೇಕ್‌ಫೈಲ್‌ನ ಅಧಿಕಾರ. ಒಂದು ಡ್ರೈವರ್‌ಗಾಗಿ ಅದನ್ನು ಮುಟ್ಟುವುದು ತಪ್ಪು.

1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್‌ಫೈಲ್‌ಗಳನ್ನು ಓದಿ ನಡೆಸುವ ‘ಮೇಕ್’ ಬರೆದರು. ಕೊಡಿ ಅದಕ್ಕಿಂತ ಬಹಳ ಹಳೆಯದು. ಕರಾವಳಿಯ ಮಕ್ಕಳಿಗೆ ಕರ್ನೆಲ್ ಕಲಿಸುವವರು ಈ ಪದವನ್ನೊಮ್ಮೆ ಬಳಸಿ ನೋಡಲಿ.