ಮೂರು ಸಾಲಿನ ಪಾಠ

ರಾಯಚೂರು ಸೀಮೆಯ ವಿದ್ಯಾಭ್ಯಾಸದ ಇತಿಹಾಸವನ್ನು ಸರಕಾರಿ ಶಾಲೆಗಳಿಂದ ಆರಂಭಿಸಿದರೆ ಕನ್ನಡದ ಕಥೆ ಅರ್ಧಕ್ಕೇ ನಿಂತುಬಿಡುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಈ ನಾಡು ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ನೌಕರಿ ಬಯಸಿದ ದೇವದುರ್ಗ, ಮಾನ್ವಿಗಳ ಹುಡುಗ ಅದನ್ನು ಕಲಿಯದೆ ಗತ್ಯಂತರವಿರಲಿಲ್ಲ. ಹೀಗಿದ್ದೂ ಮನೆಯೊಳಗೆ ಕಾವ್ಯದ ಕನ್ನಡ ಬಾಡಲಿಲ್ಲ. ಅದನ್ನು ಕಲಿಸಿದವರು ಯಾರು?

ಮಾನ್ವಿ ಸೀಮೆಯ ಚೀಕಲಪರ್ವಿ ವಿಜಯದಾಸರ ಊರು. ದೇವದುರ್ಗದ ಬಳಿಯ ಮೊಸರಕಲ್ಲು ಗೋಪಾಲದಾಸರದು. ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಮೂವರೂ ಹದಿನೆಂಟನೆಯ ಶತಮಾನದವರು. ಜಗನ್ನಾಥದಾಸರು ಮೊದಲು ಸಂಸ್ಕೃತ ಪಂಡಿತರು, ಕನ್ನಡ ಪದಗಳನ್ನು ಹಗುರವಾಗಿ ಕಂಡವರು ಎಂದು ಐತಿಹ್ಯ. ಅವರೇ ಮುಂದೆ ‘ಹರಿಕಥಾಮೃತಸಾರ’ವನ್ನು ಭಾಮಿನೀ ಷಟ್ಪದಿಯಲ್ಲಿಯೂ ‘ತತ್ತ್ವಸುವ್ವಾಲಿ’ಯನ್ನು ತ್ರಿಪದಿಯಲ್ಲಿಯೂ ರಚಿಸಿದರು. ಸುವ್ವಿ ಎಂಬುದು ಹೆಂಗಸರು ಕುಟ್ಟುವಾಗ ಹಾಡುವ ಪಲ್ಲವಿ. ವೇದಾಂತವನ್ನು ಒನಕೆಯ ಬಳಿಗೆ ಒಯ್ದುದು ಸಾಮಾನ್ಯ ಧೈರ್ಯವಲ್ಲ.

ಭಾಷೆಯನ್ನು ಕಲಿಸುವುದು ದಾಸರ ಉದ್ದೇಶವಾಗಿರಲಿಲ್ಲ, ನಿಜ. ಆದರೆ ಪದ್ಯದ ಅಳತೆಯೇ ಪಾಠದ ಅಳತೆಯಾಯಿತು. ಹಿರಿಯರು ಹೇಳುವ ಒಂದು ನುಡಿ, ಕಿರಿಯರು ತಿರುಗಿ ಹೇಳುವ ಒಂದು ನುಡಿ; ಅದು ಬಾಯಿಗೆ ಬಂದ ಮೇಲೆ ಮುಂದಿನದು. ಭಾಮಿನಿಯಲ್ಲಿ ಮೂರು, ನಾಲ್ಕು ಮಾತ್ರೆಗಳು ಸರತಿಯಂತೆ ಬರುವುದರಿಂದ ದೀರ್ಘವನ್ನು ಹ್ರಸ್ವವಾಗಿ ನುಡಿದರೆ ತಾಳ ಕುಂಟುತ್ತದೆ. ಎರಡನೆಯ ಅಕ್ಷರದ ಪ್ರಾಸ ಮುಂದಿನ ಸಾಲನ್ನು ನೆನಪಿಗೆ ತರುತ್ತದೆ. ತಪ್ಪು ತಿದ್ದಲು ಬೆತ್ತದ ಮೇಷ್ಟರು ಬೇಕಿಲ್ಲ, ಕಿವಿಯೇ ತಿದ್ದುತ್ತದೆ. ಇಡೀ ಸಂಧಿಯನ್ನು ಒಂದೇ ದಿನ ಉರುಹೊಡೆಯ ಹೊರಟವನಿಗೆ ಈ ತಿದ್ದುಪಡಿ ದಕ್ಕುವುದಿಲ್ಲ.

ಇದನ್ನು ಒಂದೇ ಸಮುದಾಯದ ಸ್ವತ್ತೆಂದು ತಿಳಿಯಬಾರದು. ಭಜನೆಯ ತತ್ತ್ವಪದಗಳು, ಮೊಹರಮ್ಮಿನ ರಿವಾಯತ್ ಪದಗಳು ಈ ಸೀಮೆಯಲ್ಲಿ ಬೇರೆ ಮನೆಗಳ ಕನ್ನಡವನ್ನು ಬೆಳೆಸಿದವು. ಅಲಾವಿಯ ಸುತ್ತ ಹಾಡಿದವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದರು.

ಇಂಥ ಪಾಠಕ್ಕೆ ಮಿತಿಯೂ ಉಂಟು. ನೂರು ಪದ್ಯ ಕಂಠಸ್ಥವಿದ್ದವರು ಒಂದು ಅರ್ಜಿ ಬರೆಯಲು ಮತ್ತೊಬ್ಬರನ್ನು ಹುಡುಕಬೇಕಾಗಬಹುದು. ಗದ್ಯದ ಅಭ್ಯಾಸವೇ ಬೇರೆ. 1956ರ ನವೆಂಬರ್ ಒಂದರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿ, ಕನ್ನಡದ ಶಾಲೆಗಳು ಹಬ್ಬಿದಾಗ ಆ ಕೊರತೆ ನೀಗತೊಡಗಿತು. ಆದರೆ ಹೊಸ ಪಠ್ಯದ ಉದ್ದನೆಯ ಪಾಠಗಳು ಬಂದಂತೆ ದಿನಕ್ಕೊಂದು ನುಡಿ ಒಪ್ಪಿಸುವ ಪದ್ಧತಿ ಶಾಲೆಯ ಹೊಸ್ತಿಲಾಚೆಯೇ ಉಳಿಯಿತು. ಗಟ್ಟಿಯಾಗಿ ಓದಿಸುವುದನ್ನು ಗದ್ದಲವೆಂದು ಎಣಿಸುವ ಶಾಲೆಗಳೂ ಹುಟ್ಟಿಕೊಂಡವು.