ಬೆಂಗಳೂರಿನ ಮೂರು ಚಕ್ರದ ಕಾರು: ಬಾದಲ್

ಬೆಂಗಳೂರು ಅಂದ್ರೆ ವಿಮಾನ, ಟೆಲಿಫೋನು, ವಾಚು, ಆಮೇಲೆ ಸಾಫ್ಟ್‌ವೇರ್. ಇದೇ ಊರಲ್ಲಿ ಕಾರೂ ತಯಾರಾಗ್ತಿತ್ತು ಅಂತ ನಿಮಗೆ ಗೊತ್ತಾ? ಅದೂ ಮೂರು ಚಕ್ರದ ಕಾರು! 🚗

1970ರ ದಶಕ. ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಅನ್ನೋ ಸಣ್ಣ ಕಂಪನಿ. ಅದು ಹೊರತಂದ ಪುಟ್ಟ ಕಾರಿನ ಹೆಸರು ಬಾದಲ್. ಅಂದ್ರೆ ಹಿಂದಿಯಲ್ಲಿ ಮೋಡ. ಮುಂದೆ ಒಂದು ಚಕ್ರ, ಹಿಂದೆ ಎರಡು. ಎಂಜಿನ್ ಹಿಂಭಾಗದಲ್ಲಿ, ಬರೀ 198 ಸಿಸಿ. ಇವತ್ತು ನಿಮ್ಮ ಪಕ್ಕ ಸಿಗ್ನಲ್‌ನಲ್ಲಿ ನಿಲ್ಲೋ ಎಷ್ಟೋ ಬೈಕುಗಳ ಎಂಜಿನ್ ಇದಕ್ಕಿಂತ ದೊಡ್ಡದು.

👉 ಮೂರೇ ಚಕ್ರ ಯಾಕೆ?
ಒಂದು ಚಕ್ರ ಕಮ್ಮಿ ಆದ್ರೆ ಒಂದು ಟೈರು, ಒಂದು ಬ್ರೇಕು, ಸ್ಟೀರಿಂಗ್‌ನ ಒಂದಷ್ಟು ಭಾಗಗಳ ಖರ್ಚು ಉಳಿಯುತ್ತೆ. ತೂಕ ಇಳಿಯುತ್ತೆ, ಚಿಕ್ಕ ಎಂಜಿನ್ನೇ ಸಾಕಾಗುತ್ತೆ. ಕಷ್ಟ ಏನಂದ್ರೆ, ಜೋರಾಗಿ ಬಂದು ತಿರುಗಿಸಿದ್ರೆ ಮುಂದಿನ ಮೂಲೆಗೆ ಆಸರೆ ಇರಲ್ಲ. ಆಟೋದಲ್ಲಿ ಓಡಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

👉 ಅಸಲಿ ಗುಟ್ಟು ಚಕ್ರದಲ್ಲಿಲ್ಲ, ಮೈಯಲ್ಲಿದೆ.
ಬಾದಲ್‌ನ ಬಾಡಿ ಉಕ್ಕಿನದಲ್ಲ, ಫೈಬರ್ ಗ್ಲಾಸ್. ಉಕ್ಕಿನ ಬಾಡಿ ಒತ್ತೋಕೆ ದೈತ್ಯ ಪ್ರೆಸ್‌ಗಳು, ದುಬಾರಿ ಅಚ್ಚುಗಳು ಬೇಕು. ಸಾವಿರಾರು ಕಾರು ಮಾರಿದ್ರೆ ಮಾತ್ರ ಆ ಖರ್ಚು ಗಿಟ್ಟುತ್ತೆ. ಫೈಬರ್ ಗ್ಲಾಸ್‌ಗೆ ಅಷ್ಟೆಲ್ಲ ಬೇಡ. ಒಂದು ಅಚ್ಚು, ಗಾಜಿನ ಎಳೆಯ ಹಾಸು, ರಾಳ, ಕೆಲಸ ಬಲ್ಲ ಕೈ. ಸಣ್ಣ ಬಂಡವಾಳದವರೂ ಕಾರು ಮಾಡಬಹುದು!

ಈ ದಾರಿಯಲ್ಲಿ ಮೊದಲೇ ನಡೆದವರು ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿ. ಅವರ ಮೂರು ಚಕ್ರದ ಕಾರನ್ನ ಅಲ್ಲಿ ಬೈಕ್ ಲೈಸೆನ್ಸ್‌ನಲ್ಲೇ ಓಡಿಸಬಹುದಿತ್ತು, ತೆರಿಗೆಯೂ ಕಮ್ಮಿ. ಇಸ್ರೇಲ್, ಟರ್ಕಿಗಳಲ್ಲೂ ಫೈಬರ್ ಗ್ಲಾಸ್ ಕಾರು ಶುರುವಾಗೋಕೆ ಕೈ ಜೋಡಿಸಿದ್ದು ಇದೇ ರಿಲಯಂಟ್.

ನಮ್ಮ ಸನ್‌ರೈಸ್ ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಯ್ತು. 1982ರಲ್ಲಿ ರಿಲಯಂಟ್‌ನ ಕಿಟನ್ ಕಾರನ್ನೇ ಆಧರಿಸಿ ನಾಲ್ಕು ಚಕ್ರದ ಡಾಲ್ಫಿನ್ ತಂತು. 848 ಸಿಸಿ, ಎರಡು ಬಾಗಿಲು, ಮೈ ಮತ್ತೆ ಫೈಬರ್ ಗ್ಲಾಸ್.

ಆಮೇಲೆ ಬಂತು 1983ರ ಡಿಸೆಂಬರ್ 14. ಮಾರುತಿ 800ರ ಮೊದಲ ಕಾರಿನ ಕೀಲಿಯನ್ನ ಇಂದಿರಾ ಗಾಂಧಿ ಹಸ್ತಾಂತರಿಸಿದ್ರು. ಉಕ್ಕಿನ ಮೈ, ಜಪಾನಿನ ಸುಜುಕಿ ತಂತ್ರಜ್ಞಾನ, ಸರ್ಕಾರದ ಬಲ, ಬೆಲೆ 50 ಸಾವಿರಕ್ಕಿಂತ ಕಮ್ಮಿ.

ಇಲ್ಲೇ ನೋಡಿ ಕಥೆಯ ತಿರುವು. ಫೈಬರ್ ಗ್ಲಾಸ್ ಬಾಡಿಯನ್ನ ಕೈಯಲ್ಲೇ ಹಾಸಿ, ಒಣಗೋಕೆ ಬಿಡಬೇಕು. ಅವಸರ ಮಾಡೋಕಾಗಲ್ಲ. ಪ್ರೆಸ್ಸಿಗೆ ಒಂದು ಬಾಗಿಲು ಒತ್ತೋಕೆ ಕೆಲವೇ ಕ್ಷಣ ಸಾಕು. ಹತ್ತು ಕಾರು ಮಾಡುವಾಗ ಫೈಬರ್ ಅಗ್ಗ, ಲಕ್ಷ ಕಾರು ಮಾಡುವಾಗ ಉಕ್ಕೇ ಅಗ್ಗ. ಅಂದ್ರೆ ಸಣ್ಣ ಕಂಪನಿಗೆ ಹುಟ್ಟೋಕೆ ದಾರಿ ಕೊಟ್ಟ ವಸ್ತುವೇ ಬೆಳೆಯೋಕೆ ಬಿಡಲಿಲ್ಲ. ಜಾಣತನ ಕಮ್ಮಿ ಇತ್ತು ಅಂತಲ್ಲ, ಲೆಕ್ಕ ಬದಲಾಯ್ತು ಅಷ್ಟೇ. ಮಾಂಟಾನಾದಂಥ ಕಾರುಗಳ ನಂತರ ಸಿಪಾನಿಯ ಕಾರಿನ ಪಯಣವೂ ಮುಗೀತು.

ಫೈಬರ್ ಗ್ಲಾಸ್‌ಗೆ ತುಕ್ಕು ಹಿಡಿಯಲ್ಲ. ಎಲ್ಲೋ ಒಂದು ಶೆಡ್‌ನಲ್ಲಿ, ಹುಣಸೆ ಮರದ ಕೆಳಗೆ, ಧೂಳು ಹೊದ್ದ ಬಾದಲ್ ಇನ್ನೂ ಇರಬಹುದು. ಕಣ್ಣಿಗೆ ಬಿದ್ರೆ ಗುಜರಿಗೆ ಹಾಕಬೇಡಿ. ಮನೆಯ ಹಳೇ ಆಲ್ಬಮ್ ಒಮ್ಮೆ ತಿರುವಿ ಹಾಕಿ. ಅಜ್ಜ, ಅಪ್ಪ, ದೊಡ್ಡಪ್ಪ ಇದರ ಪಕ್ಕ ನಿಂತ ಫೋಟೋ ಸಿಕ್ಕರೆ ಕಾಮೆಂಟಲ್ಲಿ ತಿಳಿಸಿ. 🙏

#ಬಾದಲ್ #ಬೆಂಗಳೂರು #ಮರೆತಗಾಡಿಗಳು